ಕಂಪ್ರೆಸರ್ ಸುಟ್ಟವನು

“ಹೆಂಡತಿ ತಮ್ಮ ಅಂತ ಇಟ್ಕೊಂಡಿದೀನಿ ಸಾರ್. ಇಲ್ಲಾಂದ್ರೆ ಇವನ ಕೈಗೆ ಸ್ಪ್ಯಾನರ್ ಇರ್ಲಿ, ಪೊರಕೆನೂ ಕೊಡ್ತಿರ್ಲಿಲ್ಲ. ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದ ಬೃಹಸ್ಪತಿ. ಹೊಸಾ ಕಂಪ್ರೆಸರ್ ಸುಟ್ಟು ಕೂರಿಸಿದಾನೆ ನೋಡಿ.”

ಭಾವ ಇದನ್ನು ಹೇಳಿದ್ದು ಮೂರಂತಸ್ತಿನ ಚಪ್ಪಲಿ ಅಂಗಡಿಯ ನಟ್ಟನಡುವೆ. ಏಸಿ ಕೆಟ್ಟು ಒಳಗೆಲ್ಲ ಚರ್ಮ, ಬೆವರಿನ ವಾಸನೆ. ಮ್ಯಾನೇಜರ್ ಶೂ ಡಬ್ಬದ ಮುಚ್ಚಳದಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಬಿಲ್ಲು ಹಾಕುವ ಹುಡುಗಿಯರು ಕಿಸಕ್ಕನೆ ನಕ್ಕರು. ಒಂದು ಕಾಲಿಗೆ ಹೊಸ ಬೂಟು ಹಾಕಿ ಇನ್ನೊಂದನ್ನು ಚಾಚಿಕೊಂಡು ಕೂತಿದ್ದ ಗಿರಾಕಿಯೊಬ್ಬ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

ಸುಟ್ಟವನು ನಾನಲ್ಲ. ಆದರೆ ಆ ಮಾತು ಭಾವನ ಬಾಯಿಂದಲೇ ಬರಬೇಕಿತ್ತು.

ಆ ಕಂಪ್ರೆಸರನ್ನು ಹಾಕಿದ್ದು ಇದೇ ಬೇಸಿಗೆಯ ಶುರುವಿನಲ್ಲಿ. ತಾಮ್ರದ ಪೈಪು ಬೆಸೆಯುವಾಗ ಒಳಗೆ ನೈಟ್ರೋಜನ್ ಹರಿಯುತ್ತಿರಬೇಕು. ಇಲ್ಲದಿದ್ದರೆ ಬೆಂಕಿಯ ಕಾವಿಗೆ ಪೈಪಿನ ಒಳಮೈ ಕಪ್ಪಾಗಿ ಹಕ್ಕಳೆಯೇಳುತ್ತದೆ. ಆ ಹಕ್ಕಳೆ ಎಣ್ಣೆಯಲ್ಲಿ ಸೇರಿ ಕಂಪ್ರೆಸರನ್ನು ಒಳಗಿಂದಲೇ ತಿಂದುಹಾಕುತ್ತದೆ. ಅವತ್ತು ನೈಟ್ರೋಜನ್ ಸಿಲಿಂಡರ್ ಕೆಳಗೆ ವ್ಯಾನಿನಲ್ಲೇ ಇತ್ತು. “ತರ್ಲಾ ಭಾವ?” ಅಂತ ಕೇಳಿದ್ದೆ. “ಎರಡು ಜಾಯಿಂಟಿಗೆ ಅದನ್ಯಾರು ಹೊತ್ತು ಸಾಯ್ತಾರೆ? ಕೊಡಿಲ್ಲಿ ಗ್ಯಾಸ್ ಟಾರ್ಚು” ಅಂದಿದ್ದ. ಬೆಸೆದವನು ಅವನೇ. ನಾನು ಕಾವು ಹರಡದ ಹಾಗೆ ಪೈಪಿಗೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದೆ, ಅಷ್ಟೆ.

ಈಗ ಅದರ ಬದಲಿಗೆ ತಂದ ಇನ್ನೊಂದು ಕಂಪ್ರೆಸರಿಗೆ ಹಗ್ಗ ಬಿಗಿದು, ಅಂಗಡಿಯ ಗೋದಾಮಿನವನೂ ನಾನೂ ಹೆಗಲು ಕೊಟ್ಟು ಟೆರೇಸಿಗೆ ಹತ್ತಿಸಿದೆವು. ಪ್ರತಿ ತಿರುವಿನಲ್ಲೂ ಅವನು ನಿಂತು ಏದುಸಿರು ಬಿಟ್ಟ.

“ಇದನ್ನೂ ಸುಡಬೇಡಪ್ಪೋ ಬೃಹಸ್ಪತಿ. ನಂಗಿರೋದು ಒಂದೇ ಸೊಂಟ.”

ಆಗಲೇ ಅಡ್ಡಹೆಸರು ನನಗಿಂತ ಮುಂಚೆ ಮೆಟ್ಟಿಲು ಹತ್ತಿತ್ತು.

ಮೇಲೆ ಗ್ಯಾಸು ತೆಗೆದು, ಪೈಪು ಬಿಡಿಸಿ, ಹಳೆಯದನ್ನು ಓರೆ ಮಾಡಿದೆ. ಎಣ್ಣೆ ಟಾರಿನ ಹಾಗೆ ಇಳಿಯಿತು. ಸುಟ್ಟ ವಾಸನೆ ಮೂಗಿಗೆ ಅಡರಿತು. ಬೆರಳದ್ದಿ ಉಜ್ಜಿದರೆ ಕಪ್ಪು ಚೂರುಗಳು. ಆ ಬೆರಳನ್ನು ಭಾವನ ಮುಖದ ಮುಂದೆ ಹಿಡಿದೆ. ಅವನು ನೋಡಿದ. ನೋಡಿ, ಮೀಟರಿನ ವೈರು ಸುತ್ತತೊಡಗಿದ.

“ಲೈನೆಲ್ಲ ತೊಳೀಬೇಕು ಭಾವ.”

“ಹೂಂ.”

“ಸಿಲಿಂಡರ್ ತರ್ಲಾ?”

“ತಂದಿದೀನಿ. ನೀರಿನ ಟ್ಯಾಂಕ್ ಹಿಂದೆ ಇದೆ.”

ತಾನೇ ಹೊತ್ತು ತಂದಿದ್ದ! ತನ್ನ ಪಾನಾ ಪೆಟ್ಟಿಗೆಯನ್ನೂ ನನ್ನ ಕೈಲಿ ಹೊರಿಸುವ ಮನುಷ್ಯ, ಯಾರೂ ಹೇಳದೆ, ಅಷ್ಟು ಭಾರದ್ದನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಅಂದಮೇಲೆ ಅವನಿಗೆಲ್ಲ ಗೊತ್ತಿದೆ. ಈಗ ಹೇಳುತ್ತಾನೆ, ಕೆಳಗಿಳಿದ ಮೇಲೆ ಹೇಳುತ್ತಾನೆ ಅಂದುಕೊಂಡು ಬೆಸೆದೆ. ಟಾರ್ಚು ಈ ಸಲ ನನ್ನ ಕೈಯಲ್ಲಿತ್ತು. ಅವನು ನೈಟ್ರೋಜನ್ನಿನ ತಿರುಪು ಹಿಡಿದು ಪಕ್ಕದಲ್ಲಿ ಕೂತಿದ್ದ.

ವ್ಯಾಕ್ಯೂಮ್ ಪಂಪು ಹಚ್ಚಿದ ಮೇಲೆ ಅವನು ಟೀ ಕುಡಿಯಲು ಇಳಿದ. ಪೈಪಿನೊಳಗಿನ ಗಾಳಿ, ತೇವ ಎಲ್ಲ ಹೊರಹೋಗುವವರೆಗೂ ಪಂಪಿಗೊಬ್ಬ ಕಾವಲು ಬೇಕು. ಸುತ್ತ ಬೇರೆ ಕಟ್ಟಡಗಳ ಟೆರೇಸುಗಳು. ಎಲ್ಲ ಕಡೆ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಮನುಷ್ಯ ಅನ್ನುವವನು ನಾನೊಬ್ಬನೇ. ಕೆಳಗೆ ತಂಪಿನಲ್ಲಿ ಕೂತವರು ಉಗುಳುವ ಬಿಸಿಯೆಲ್ಲ ನನ್ನ ಮುಖಕ್ಕೇ.

ಅಕ್ಕನ ಫೋನು ಬಂತು.

“ಊಟ ಮಾಡಿದ್ಯೇನೋ?”

“ಇಲ್ಲ.”

“ಏನೋ ಸುಟ್ಟು ಹಾಕಿದ್ಯಂತೆ? ನಿನ್ನೆ ರಾತ್ರಿನೇ ಹೇಳಿದ್ರು. ಸ್ವಲ್ಪ ಗಮನ ಇಟ್ಟು ಮಾಡಬಾರ್ದಾ ಪುಟ್ಟಾ? ಅವರು ತಾನೆ ಎಷ್ಟು ಅಂತ ತಡ್ಕೋತಾರೆ?”

ನಿನ್ನೆ ರಾತ್ರಿ! ಅಂದರೆ ಯಂತ್ರದ ಮುಚ್ಚಳ ಬಿಚ್ಚುವ ಮುಂಚೆಯೇ ಅದನ್ನು ನಾನು ಸುಟ್ಟಾಗಿತ್ತು. ನಾನು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಾಗ, ಗೋಡೆಯಾಚೆ, ಪಿಸುದನಿಯಲ್ಲಿ.

“ನಾನಲ್ಲ ಅಕ್ಕಾ.”

“ಆಯ್ತಾಯ್ತು ಬಿಡು. ಬೇಗ ಬಾ” ಅಂದಳು, ಹಟ ಹಿಡಿದ ಮಗುವನ್ನು ಸಾಗಹಾಕುವವರ ಹಾಗೆ.

ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಸ್ಕೂಲಿನಲ್ಲಿ ನಾನು ಗಾಜು ಒಡೆದಿಲ್ಲ ಅಂದಾಗ ಹೆಡ್‌ಮಾಸ್ಟರ ಎದುರು ನಿಂತು, “ನನ್ನ ತಮ್ಮ ಇಲ್ಲ ಅಂದ್ರೆ ಇಲ್ಲ” ಅಂದಿದ್ದಳು. ಊರಿಗೆ ಊರೇ ನಕ್ಕರೂ ನಕ್ಕೊಳ್ಳಲಿ. ಈ ಭೂಮಿಯ ಮೇಲೆ ನನ್ನ ಮಾತು ನಂಬುವವಳು ಅವಳೊಬ್ಬಳಿದ್ದಳು.

ಫೋನು ಜೇಬಿಗೆ ಹಾಕಿ ಪಂಪಿನ ಮುಳ್ಳು ನೋಡುತ್ತಾ ಕೂತೆ.

ಗ್ಯಾಸು ತುಂಬಿ ಸ್ವಿಚ್ಚು ಹಾಕಿದಾಗ ಯಂತ್ರ ನಯವಾದ ಸದ್ದಿನೊಂದಿಗೆ ಶುರುವಾಯಿತು. ಇಳಿದು ಬಂದರೆ, ಹುಡುಗಿಯರು ತಣ್ಣನೆ ಗಾಳಿಗೆ ಮುಖವೊಡ್ಡಿ ನಿಂತಿದ್ದರು.

“ಪರವಾಗಿಲ್ವೇ!” ಅಂದ ಮ್ಯಾನೇಜರ್. “ಅಂದಹಾಗೆ ಹೋದ ಸಲ ನಿಜವಾಗಿ ಆಗಿದ್ದೇನು?”

ಭಾವ ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿದ. ನಾನು ಕಣ್ಣು ಕೀಳಲಿಲ್ಲ.

“ಹೇಳಿದ್ನಲ್ಲ ಸಾರ್, ಹುಡುಗ್ ಬುದ್ಧಿ. ಈ ಸಲ ನಾನೇ ಪಕ್ಕದಲ್ಲಿ ಕೂತು ಮಾಡ್ಸಿದೀನಿ.”

ಹೊರಗೆ ವ್ಯಾನಿನ ಹತ್ತಿರ ಅವನ ದನಿ ಬೆಣ್ಣೆಯಾಯಿತು. ಹೆಗಲ ಮೇಲೆ ಕೈ ಹಾಕಿದ.

“ಮುಖ ಯಾಕೋ ಹಂಗೆ ಊದಿಸ್ಕೊಂಡಿದೀಯ? ಅವರ ಮುಂದೆ ಹೇಳೋಕಾಗುತ್ತಾ? ನಾಳೆಯಿಂದ ಬೇರೆಯವರನ್ನ ಕರೀತಾರೆ. ನೀನೇನು ಹೊರಗಿನವನಾ?”

“ಅಕ್ಕಂಗಾದ್ರೂ ಹೇಳ್ತೀರಾ ಭಾವ?”

ಅವನು ಕೈ ತೆಗೆದ. ಬೀಗದ ಕೈ ಹುಡುಕುವವನಂತೆ ಜೇಬು ತಡಕಿದ.

“ಅವಳಿಗ್ಯಾಕೆ ಅವೆಲ್ಲಾ? ಮನೆಯಲ್ಲಿ ನಂಗೂ ಒಂದು ಮರ್ಯಾದೆ ಅಂತ ಇರುತ್ತಲ್ವೇನೋ? ಹತ್ತು, ಹತ್ತು, ಹೊತ್ತಾಯ್ತು.”

ಟಾರ್ಚನ್ನೂ ಪಾನಾ ಪೆಟ್ಟಿಗೆಯನ್ನೂ ವ್ಯಾನಿನೊಳಗಿಟ್ಟೆ. ಬಾಗಿಲು ಎಳೆದು, ಸರಿಯಾಗಿ ಹಾಕಿದೆಯೇ ಅಂತ ಒಮ್ಮೆ ಜಗ್ಗಿ ನೋಡಿದೆ. ಆಮೇಲೆ ಮನೆಯ ಕಡೆಯಲ್ಲದ ರಸ್ತೆಗೆ ತಿರುಗಿದೆ.

“ಲೋ, ಎಲ್ಲಿಗೋ? ಊಟಕ್ಕೆ ಕಾಯ್ತಿರ್ತಾಳೆ ಕಣೋ!”

ಅಂಗಡಿ ಬಿಟ್ಟು ಮನೆಗೆ ಹೊರಟವರು ಫುಟ್‌ಪಾತಿನ ತುಂಬ ಇದ್ದರು. ಅವರ ನಡುವೆ ಸೇರಿಕೊಂಡೆ.

“ಲೋ! ಕೇಳಿದ್ರೆ ನಿಮ್ಮಕ್ಕಂಗೆ ನಾನೇನೋ ಹೇಳ್ಲಿ?”

ನಾನು ನಡೆಯುತ್ತಲೇ ಇದ್ದೆ.