ಉಜ್ಜಿನಪ್ಪ ತೋರಿಸಿದ ಕರಿ ಚಿಗರಿ

"ಬಲಕ್ಕ ನೋಡ್ರಿ, ಜಾಲಿ ಗಿಡದ ಬುಡಕ. ಕರೀ ಗಂಡು ಚಿಗರಿ. ತಲಿ ಬಗ್ಗಿಸಿ ಮೇಯಾಕ ಹತ್ತೈತಿ" ಎಂದು ಉಜ್ಜಿನಪ್ಪ ಪಿಸುಗುಟ್ಟಿದ.

ಹಿಂದೆ ಮೊಣಕಾಲೂರಿ ಕೂತಿದ್ದ ಕೊಟ್ರಬಸಪ್ಪಗೌಡ ಅದನ್ನು ಇಂಗ್ಲಿಷಿನಲ್ಲಿ ದೊರೆಯ ಕಿವಿಗೆ ಹಾಕಿದ. ಮದ್ರಾಸಿನಿಂದ ಬೇಟೆಗೆಂದೇ ಬಂದಿದ್ದ ದೊರೆ ಕೋವಿಯೆತ್ತಿ ಗುರಿ ಹಿಡಿದ.

ಗುಮ್ಮಘಟ್ಟದಾಚೆಯ ಆ ಹುಲ್ಲುಗಾವಲು ಗೌಡನದು. ಅಲ್ಲಿಗೆ ಬೇಟೆಗೆ ಬಂದವರನ್ನು ಮೂವತ್ತು ವರ್ಷದಿಂದ ಮುಂದೆ ನಿಂತು ನಡೆಸುತ್ತಿದ್ದವನು ಉಜ್ಜಿನಪ್ಪ. ಎರಡು ವರ್ಷದಿಂದ ಅವನ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಿರಲಿಲ್ಲ. ಹುಲ್ಲು, ಗುಡ್ಡ, ಬೆಳಗಿನ ಬೆಳಕು ಎಲ್ಲವೂ ಹಾಲಿನಲ್ಲಿ ಅದ್ದಿದಂತೆ ಒಂದರೊಳಗೊಂದು ಕರಗಿ ತೇಲುತ್ತಿದ್ದವು. ಚಿಗರಿಗಳು ನಿದ್ದೆಯಲ್ಲಿ ಬಂದ ಹಾಗೆ ಬಂದು ಹೋಗುತ್ತಿದ್ದವು. ಗಾಳಿಯ ವಾಸನೆ, ಗೊರಸಿನ ಸಪ್ಪಳ, ಕಾಲಿಗೆ ಗೊತ್ತಿದ್ದ ನೆಲ, ಇಷ್ಟರಿಂದಲೇ ಅವನು ದಾರಿ ತೋರಿಸುತ್ತಿದ್ದ. ಒಮ್ಮೊಮ್ಮೆ ಈ ಬಿಳುಪಿನಲ್ಲಿ ನಡೆಯುವುದೇ ಸುಖವೆನಿಸುತ್ತಿತ್ತು.

ಇವತ್ತೂ ಕರಿದೊಂದು ಅಲುಗಿತ್ತು. ದೊರೆಗೆ ಎದುರು ಬಿಸಿಲು. ಎತ್ತರದ ಹುಲ್ಲಿನ ಮೇಲೆ ಕರಿ ಬೆನ್ನಷ್ಟೇ ಕಾಣುತ್ತಿತ್ತು.

ಜಾಲಿಯ ಬುಡದಲ್ಲಿ ಯಾರೋ ಕೆಮ್ಮಿದರು.

ಉಜ್ಜಿನಪ್ಪ ತಿರುಗಿದವನೇ ಕೋವಿಯ ನಳಿಗೆಯನ್ನು ಎರಡೂ ಕೈಯಿಂದ ಹಿಡಿದು ಮೇಲೆತ್ತಿಬಿಟ್ಟ. ಗುಂಡು ಆಕಾಶಕ್ಕೆ ಹಾರಿತು. ಹೆಂಗಸೊಬ್ಬಳು ಚೀರುತ್ತ ಎದ್ದಳು. ಆ ದನಿ ಕುರಿ ಕಾಯುವ ಪುಟ್ಟಕ್ಕನದು.

ದೊರೆ ಏನೋ ಕೂಗಾಡಿದ. ಗೌಡ ಉಜ್ಜಿನಪ್ಪನ ಭುಜ ಹಿಡಿದು ಅಲುಗಿಸಿದ. "ಕರಿ ಕಂಬಳಿ ಹೊದ್ದ ಹೆಣ್ಮಗಳ್ನ ಚಿಗರಿ ಅಂದ್ಯಲ್ಲೋ! ಕಣ್ಣು ಕಾಣ್ಲಿಲ್ಲೇನು ನಿನಗ?"

ಕಣ್ಣಿಗೆ ಬಿಸಿಲು ಹೊಡೀತ್ರಿ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಗೆಯ ತನಕ ಬಂದೂ ಇತ್ತು.

"ಕಾಣಂಗಿಲ್ರಿ ಗೌಡ್ರ. ಎರಡು ವರ್ಷಾತು. ಮುಚ್ಚಿಟ್ಟಿದ್ದೆ."

ಗೌಡ ಅವನ ಭುಜ ಬಿಟ್ಟ. "ಇನ್ನು ಮ್ಯಾಲೆ ಬರಬ್ಯಾಡಪ್ಪ" ಎಂದಷ್ಟೇ ಹೇಳಿ ದೊರೆಯನ್ನು ಕರೆದುಕೊಂಡು ಹೋದ. ಬೂಟುಗಳ ಸಪ್ಪಳ ದೂರವಾಯಿತು.

ಪುಟ್ಟಕ್ಕ ಹತ್ತಿರ ಬಂದಳು. ಏದುಸಿರು ಇನ್ನೂ ನಿಂತಿರಲಿಲ್ಲ. "ಕುರಿ ಈದಿತ್ತು ಮಾವ. ಮರಿ ಎತ್ಕಳಾಕ ಬಗ್ಗಿದ್ದೆ."

"ಬೈಯವ್ವ ನನ್ನ" ಎಂದ ಉಜ್ಜಿನಪ್ಪ. "ನಿನ್ನ ಜೀವಾನೇ ತೆಗೀತಿದ್ದೆ."

ಅವಳು ಬೈಯಲಿಲ್ಲ. ಅವನ ಕೈ ಹುಡುಕಿ ಕಂಬಳಿಯ ತುದಿ ಕೊಟ್ಟಳು. "ಹಿಡಕ. ಊರ ತನಕ ಬಿಡ್ತೀನಿ."

ಆ ಹುಲ್ಲುಗಾವಲಿನಲ್ಲಿ ಯಾರ ಹಿಂದೆಯೂ ನಡೆದವನಲ್ಲ ಉಜ್ಜಿನಪ್ಪ. ಈಗ ನಡೆದ. ಮುಂದೆ, ಬಿಳುಪಿನೊಳಗೆಲ್ಲೋ, ಎಳೆಮರಿ ಒಂದೇ ಸಮನೆ ಕೂಗುತ್ತಿತ್ತು. ತಾಯಿಕುರಿ ಅವನ ಕಾಲಿಗೆ ಮೈಯುಜ್ಜುತ್ತ ಜೊತೆಯಲ್ಲೇ ಬರುತ್ತಿತ್ತು.