ತೇರಹಳ್ಳಿಯಿಂದ ಇಳಿಯುವ ದಾರಿ

ನಂದೀಶ್ ಮನುಷ್ಯಕುಲವನ್ನು ಮೂರಾಗಿ ವಿಂಗಡಿಸಿದ್ದ: ಕೋಲಾರದಿಂದ ಹೋಳೂರಿಗೆ ಸೈಕಲ್ಲಿನಲ್ಲಿ ಹೋಗಿಬರಬಲ್ಲವರು, ಟೇಕಲ್‌ವರೆಗೆ ಹೋಗಿಬರಬಲ್ಲವರು, ತೇರಹಳ್ಳಿ ಬೆಟ್ಟ ಹತ್ತಬಲ್ಲವರು. ಮೊದಲನೆಯದು ಸಲೀಸು, ಎರಡನೆಯದು ಸಾಧಾರಣ, ಮೂರನೆಯದು ಕಠಿಣ. ನಮ್ಮ ಭಾನುವಾರದ ಸೈಕಲ್ ಬಳಗಕ್ಕೆ ಅವನೇ ಸ್ಥಾಪಕ, ಅವನೇ ಅಧ್ಯಕ್ಷ, ಪಂಕ್ಚರ್ ಹಾಕುವವನೂ ಅವನೇ. ವಾರದ ಮಿಕ್ಕ ದಿನ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಬಂದವರನ್ನೆಲ್ಲ ಇಂಥದೇ ಸಾಲುಗಳಲ್ಲಿ ನಿಲ್ಲಿಸುವುದು ಅವನ ವೃತ್ತಿ. ಮುಳಬಾಗಿಲಿನ ಆವಣಿ, ಶ್ರೀನಿವಾಸಪುರದ ಮಾವಿನ ತೋಪುಗಳು ಇನ್ನೂ ಯಾವ ದರ್ಜೆಗೆ ಸೇರಬೇಕೆಂದು ಅವನ ತೀರ್ಪಿಗೆ ಕಾಯುತ್ತಿದ್ದವು. ನಾನು ಸಾಧಾರಣ ವರ್ಗ. ಟೇಕಲ್ ಸ್ಟೇಷನ್ ಹತ್ತಿರದ ಇಡ್ಲಿಯ ಆಚೆಗೆ ನನ್ನ ಮಹತ್ವಾಕಾಂಕ್ಷೆ ಎಂದೂ ದಾಟಿರಲಿಲ್ಲ.

ಅಮರನಾಥ್ ಮಾತ್ರ ಯಾವ ಸಾಲಿಗೂ ಒಗ್ಗಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಿದ್ದ ಅವನು ನನ್ನ ಹಳೆಯ ಸ್ನೇಹಿತ. ಕಾಲಿನಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಶಕ್ತಿಯಿದ್ದವನು. ಕಣ್ಣಿನದೇ ತಕರಾರು. ಇರುಳುಗಣ್ಣಿನಿಂದ ಶುರುವಾದ ಕಾಯಿಲೆ ನೋಟವನ್ನು ಅಂಚುಗಳಿಂದ ಒಳಕ್ಕೆ ತಿನ್ನುತ್ತ ಬಂದು, ನೇರ ಎದುರಿಗೆ ಒಂದು ಒಬ್ಬಟ್ಟಿನಷ್ಟು ಜಾಗವನ್ನು ಮಾತ್ರ ಉಳಿಸಿತ್ತು. ಅದೂ ಮುಂದಿನ ಮಳೆಗಾಲದವರೆಗೆ ಇರುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರು. ಹೋದ ಸಂಕ್ರಾಂತಿಯ ಹೊತ್ತಿಗೆ ಹೋಳೂರಿನ ರಸ್ತೆಯಲ್ಲಿ, ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಲೆಂದು ರೈತರು ಹರಡಿದ್ದ ಹುರುಳಿಯ ಮೇಲೆ, ಪಕ್ಕದಿಂದ ನುಗ್ಗಿದ ಮೇಕೆಯೊಂದನ್ನು ಕಾಣದೆ ಬಿದ್ದ. ಮೇಕೆಗೆ ಏನೂ ಆಗಲಿಲ್ಲ. ಅಮರನಾಥನ ಮೊಣಕೈ ಮುರಿಯಿತು.

ಕೈ ಸರಿಹೋದ ಮೇಲೆ ಅವನು ತೇರಹಳ್ಳಿ ಬೆಟ್ಟಕ್ಕೆ ಬರುತ್ತೇನೆಂದಾಗ ನಂದೀಶ್ ಹೌಹಾರಿದ.

"ಸಲೀಸು ರೋಡಲ್ಲೇ ಕೈ ಮುರ್ಕೊಂಡೋನು ನೀನು. ಬೆಟ್ಟಕ್ಕೆ ಬಂದು ಕತ್ತು ಮುರ್ಕೊಂತೀಯೇನೋ?"

"ನಿನ್ನ ಸಲೀಸು ರೋಡಲ್ಲಿ ಎಲ್ಲಾ ನನ್ ಮೇಲೆ ಓಡಿ ಬರ್ತಾವೆ ಕಣೋ. ಬೆಟ್ಟದಲ್ಲಿ ಯಾವುದೂ ಓಡಿ ಬರಲ್ಲ. ನಾನೂ ಓಡಲ್ಲ. ಉಸಿರು ಬಿಟ್ಕೊಂಡು ಹತ್ತೋವಾಗ ಒಬ್ಬಟ್ಟಿನಷ್ಟು ಕಂಡ್ರೆ ಸಾಕು."

"ಇಳಿಯೋವಾಗ?"

ಅದಕ್ಕೆ ಉತ್ತರ ಕೊಟ್ಟವಳು ಅಮರನಾಥನ ಹೆಂಡತಿ ಸುನಂದ. ಹತ್ತುವುದು ಸೈಕಲ್ಲಿನಲ್ಲಿ, ಇಳಿಯುವುದು ಅವಳು ಓಡಿಸುವ ಓಮ್ನಿಯಲ್ಲಿ, ಸೈಕಲ್ಲು ಹಿಂದಿನ ಸೀಟಿನ ಮೇಲೆ. ಒಪ್ಪಿದರೆ ಉಂಟು, ಇಲ್ಲದಿದ್ದರೆ ಮನೆ. ನಾನು ಅವನ ಹಿಂದೆಯೇ ಸೈಕಲ್ ಹೊಡೆಯಬೇಕೆಂಬುದೂ ಕರಾರಿನಲ್ಲಿ ಸೇರಿತು. ನನ್ನ ದರ್ಜೆಯ ವಿಚಾರ ಯಾರೂ ಎತ್ತಲಿಲ್ಲ. ಅಮರನಾಥ್ ಒಪ್ಪಿದ. ಆಮೇಲೆ ನನ್ನೊಬ್ಬನಿಗೇ ಹೇಳಿದ: "ಇದು ನನ್ನ ಕಡೇ ಸವಾರಿ ಕಣಯ್ಯ. ಹತ್ತಿ, ಗೋಣಿಚೀಲದ ಥರ ವ್ಯಾನಲ್ಲಿ ಬಿದ್ಕೊಂಡು ಬರೋದಾ? ಆದರೆ ಅವಳಿಗೆ ಏನ್ ಹೇಳ್ಲಿ?"

ಸೀತಾಫಲದ ಕಾಲ. ಅಮರನಾಥನಿಗೆ ದಾರಿ ಕಾಣುವಷ್ಟು ಬೆಳಕು ಹರಿಯುತ್ತಲೇ ಹೊರಟೆವು. ನಂದೀಶ್ ಮೊದಲ ತಿರುವಿನಲ್ಲೇ ಮುಂದೆ ಹೋಗಿ ಮಾಯವಾದ. ಅಮರನಾಥ್ ರಸ್ತೆಯ ಬಿಳಿಗೆರೆಯನ್ನು ತನ್ನ ಒಬ್ಬಟ್ಟಿನ ನಡುವೆ ಹಿಡಿದಿಟ್ಟುಕೊಂಡು, ಒಂದೇ ಸಮನೆ ತುಳಿಯುತ್ತಿದ್ದ. ಎರಡೂ ಕಡೆ ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು, ಈಗಲೋ ಆಗಲೋ ಉರುಳುವಂತೆ, ಆದರೆ ಎಷ್ಟೋ ಯುಗಗಳಿಂದ ಉರುಳದೆ ಕೂತಿದ್ದವು. ನಾನು ಅವನ ಹಿಂದೆ ಏದುಸಿರು ಬಿಡುತ್ತ, ಬಿದ್ದರೆ ಅವನನ್ನು ಹಿಡಿಯುವುದು ನನ್ನ ಕೆಲಸವೋ, ನನ್ನನ್ನು ಹಿಡಿಯುವುದು ಅವನ ಕೆಲಸವೋ ಎಂದು ಯೋಚಿಸುತ್ತಿದ್ದೆ. ಹಿಂದಿನಿಂದ ಓಮ್ನಿ ಮೊದಲ ಗೇರಿನಲ್ಲಿ ನರಳುತ್ತ ಬರುತ್ತಿತ್ತು. ಅವನು ಎಲ್ಲಿಯೂ ಕಾಲೂರಲಿಲ್ಲ.

ಮೇಲೆ ನಂದೀಶ್ ಆಗಲೇ ಫೋಟೋ ತೆಗೆದು ಮುಗಿಸಿದ್ದ. ನಾನೂ ನೋಡಿದೆ: ಕೆಳಗೆ ಹಾಲು ಚೆಲ್ಲಿದಂಥ ಮಂಜು, ಅದರ ನಡುವೆ ದ್ವೀಪಗಳ ಹಾಗೆ ಬೆಟ್ಟದ ನೆತ್ತಿಗಳು, ಮಂಜು ಹರಿದಲ್ಲಿ ಕೆರೆಗಳು. ಬೆಂಗಳೂರು ಸ್ನಾನ ಮಾಡಿ, ಸೋಸಿ, ನಮ್ಮ ಕೆರೆಗಳಿಗೆ ಪೈಪಿನಲ್ಲಿ ಕಳಿಸಿದ ನೀರೇ ಇರಬಹುದು, ಸೂರ್ಯ ಅದನ್ನು ವಿಚಾರಿಸಿದಂತೆ ಕಾಣಲಿಲ್ಲ. ಒಂದೊಂದೂ ಬಂಗಾರದ ತಟ್ಟೆಯಾಗಿತ್ತು. ಚೆನ್ನಾಗಿದೆ ಎಂದೆ. ನೋಡಿದ್ದಾಯಿತು ಎಂದುಕೊಂಡೆ.

ಅಮರನಾಥನಿಗೆ ಆಗಿರಲಿಲ್ಲ. ಅವನಿಗೆ ಒಂದೇ ಸಲಕ್ಕೆ ಅಷ್ಟೂ ಕಾಣುವಂತಿರಲಿಲ್ಲ. ಬಂಡೆಯ ಮೇಲೆ ನಿಂತು, ಬಲತುದಿಯಿಂದ ಶುರುಮಾಡಿ, ನೆಲ ಉಳುವವನ ಹಾಗೆ ಕತ್ತನ್ನು ನಿಧಾನ ತಿರುಗಿಸುತ್ತ, ತುಂಡುತುಂಡಾಗಿ ನೋಡತೊಡಗಿದ. ಎಡತುದಿಗೆ ಮುಟ್ಟಿ, ಒಂದು ಸಾಲು ಕೆಳಗಿಳಿದು, ಮತ್ತೆ ಬಲಕ್ಕೆ.

"ಟೇಕಲ್ ಕಡೆ ರೈಲು ಹೋಗ್ತಾ ಇದೆ. ಹೊಗೆ ಅಲ್ಲ, ಮಂಜನ್ನ ಸೀಳ್ಕೊಂಡು ಹೋಗ್ತಿದೆ ನೋಡು" ಎಂದ. ನಾನು ಹುಡುಕಿ ಹುಡುಕಿ ಕಂಡೆ. "ಆ ಕೆರೆ ಏರಿ ಮೇಲೆ ಒಬ್ಬಳು ಕೆಂಪು ಸೀರೆ. ಹಿಂದೆ ಎಮ್ಮೆ. ಎಮ್ಮೆ ನಿಂತ್ಕೊಂತು. ಅವಳೂ ನಿಂತಳು." ಕತ್ತನ್ನು ಇನ್ನೊಂದು ಸಾಲು ಕೆಳಗಿಳಿಸಿ, "ನಮ್ ಕೆಳಗಡೆ ಹದ್ದು ಹಾರ್ತಿದೆಯಲ್ಲೋ! ಅದರ ಬೆನ್ನು ಕಾಣ್ತಿದೆ. ಹದ್ದಿನ ಬೆನ್ನು ನೋಡಿದ್ಯೇನೋ ಯಾವತ್ತಾದ್ರೂ?"

ನೋಡಿರಲಿಲ್ಲ. ಎರಡು ಪೂರ್ತಿ ಕಣ್ಣುಗಳಿದ್ದ ನಾವು ಮೂವರೂ ಅವನು ಬೆರಳು ಮಾಡಿದ ಕಡೆಗೆಲ್ಲ ಕತ್ತು ತಿರುಗಿಸುತ್ತ, ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ನಂದೀಶನ ಮೊಬೈಲು ಜೇಬು ಸೇರಿತ್ತು.

"ಹೊರಡೋಣ್ವಾ?" ಎಂದು ಸುನಂದ ಕೊನೆಗೆ ಮೆಲ್ಲಗೆ ಕೇಳಿದಳು. ಓಮ್ನಿಯ ಹಿಂಬಾಗಿಲು ತೆರೆದಿತ್ತು. ಅಮರನಾಥ್ ಸೈಕಲ್ಲಿನ ಹ್ಯಾಂಡಲ್ ಬಿಡಲಿಲ್ಲ. ಎತ್ತಿ ಒಳಗಿಡಲೂ ಇಲ್ಲ.

ಆಗ ಬೆಟ್ಟದ ಮೇಲಿನ ಊರಿನ ಕಡೆಯಿಂದ ಚರ್ರ್ ಎಂದು ಟಾರನ್ನು ಗೀರುವ ಸದ್ದು ಬಂತು. ಐವತ್ತರ ಹತ್ತಿರದ ಹೆಂಗಸೊಬ್ಬಳು ಲೇಡೀಸ್ ಸೈಕಲ್ಲಿನ ಮೇಲೆ ಬರುತ್ತಿದ್ದಳು. ಮುಂದೆ ಒಂದು, ಹಿಂದೆ ಒಂದು ಸೀತಾಫಲದ ಬುಟ್ಟಿ. ಹಿಂದಿನ ಕ್ಯಾರಿಯರಿಗೆ ಕಟ್ಟಿದ, ಬಂದರೆ ಎಂಬ ಕುರುಚಲು ಗಿಡದ ಕೊಂಬೆಯೊಂದು ಎಲೆಸಮೇತ ರಸ್ತೆಯ ಮೇಲೆ ಎಳೆದಾಡುತ್ತಿತ್ತು. ಹೆಸರು ಆಂಜಿನಮ್ಮ.

"ಇದ್ಯಾಕಮ್ಮಾ ಕೊಂಬೆ?" ನಂದೀಶ್ ಕೇಳಿದ.

"ಬ್ರೇಕು! ಮಗಳು ಹೈಸ್ಕೂಲಲ್ಲಿದ್ದಾಗ ಸರ್ಕಾರ ಕೊಟ್ಟಿದ್ದು ಈ ಸೈಕಲ್ಲು. ಮಗಳಿಗೆ ಮಗು ಆಯ್ತು, ಬ್ರೇಕು ಇನ್ನ ಇರ್ತದಾ? ಹಣ್ಣಿನ ಭಾರಕ್ಕೆ ಇದು ಓಡೋಕೆ ನೋಡ್ತದೆ, ಕೊಂಬೆ ಬಿಡಲ್ಲ. ಮೇಲಿನೋರೆಲ್ಲ ಹಿಂಗೇ ಇಳಿಯೋದು." ನಮ್ಮ ಹೆಲ್ಮೆಟ್ಟು ಬಿಗಿಚಡ್ಡಿಗಳನ್ನು ಮೇಲಿಂದ ಕೆಳಗೆ ನೋಡಿ, "ಏಮಿ ಸಾಮೀ, ಸರ್ಕಸ್ಸಾ?" ಎಂದು ತೆಲುಗಿನಲ್ಲಿ ಕೇಳಿದಳು.

ಅಮರನಾಥ್ ತಲೆ ಓರೆ ಮಾಡಿ ಆ ಸದ್ದನ್ನೇ ಕೇಳಿಸಿಕೊಳ್ಳುತ್ತಿದ್ದ. "ಅಮ್ಮಾ, ಸ್ವಲ್ಪ ಮುಂದಕ್ಕೆ ಹೋಗಿ ತಿರುಗ್ತೀರಾ?" ಎಂದ. ಅವಳು ಗೊಣಗುತ್ತಲೇ ಹೋಗಿ ತಿರುಗಿದಳು. ಸದ್ದೂ ಎಡದಿಂದ ಬಲಕ್ಕೆ ತಿರುಗಿತು. ಅವನ ಮುಖವೂ.

ಅವನು ಸುನಂದಳ ಕಡೆ ನೋಡಿದ. ಆ ಸದ್ದಿನ ಹಿಂದೆ ಸೈಕಲ್ಲಿನಲ್ಲೇ ಇಳಿಯುವ ಆಸೆ ಅವನದೆಂದು ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಅವಳು ಆಂಜಿನಮ್ಮನ ಹತ್ತಿರ ಹೋಗಿ, ಗಂಡನ ಕಣ್ಣಿನ ವಿಷಯ ಮುಚ್ಚುಮರೆಯಿಲ್ಲದೆ ಹೇಳಿ, "ನೀವು ಯಾವಾಗಾದ್ರೂ ಬಿದ್ದಿದೀರಾ?" ಎಂದಳು.

"ಬಿದ್ರೆ ನಜ್ಜುಗುಜ್ಜಾದ ಹಣ್ಣು ನೀನು ತಗೊಂತೀಯಾ?"

ಸುನಂದ ನಗಲಿಲ್ಲ. ಬಹಳ ಹೊತ್ತು ರಸ್ತೆಯನ್ನೇ ನೋಡಿದಳು. ಕಡೆಗೆ, ಗಂಡನ ಸೈಕಲ್ಲೂ ಆಂಜಿನಮ್ಮನದರಷ್ಟೇ ನಿಧಾನ ಇಳಿಯಲೆಂದು, ಕೊಂಬೆ ಕಟ್ಟಲು ಓಮ್ನಿಯಿಂದ ಹಗ್ಗ ತಂದಳು. ನಂದೀಶ್ ಪೊದೆಗೆ ನುಗ್ಗಿ ಕೊಂಬೆ ಮುರಿದುಕೊಟ್ಟ. ಅಮರನಾಥನ ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ. ಸೀಟಿನ ಕೆಳಗಿನ ಕಂಬಿಗೆ ಸುನಂದಳೇ ಬಿಗಿದು ಕಟ್ಟಿ, ಒಮ್ಮೆ ಎಳೆದು ನೋಡಿ, ಮತ್ತೊಂದು ಗಂಟು ಹಾಕಿದಳು.

"ನೀನು ಮುಂದೆ ಹೋಗಿ ಬರೋ ಗಾಡಿಗಳನ್ನ ನಿಲ್ಲಿಸು" ಎಂದು ನಂದೀಶನಿಗೆ ಅಪ್ಪಣೆಯಾಯಿತು. ಅವನು ಹೋದ. ಸುನಂದ ಓಮ್ನಿಯನ್ನು ನಮ್ಮ ಹಿಂದೆ ತಂದು ನಿಲ್ಲಿಸಿ, ನಮ್ಮನ್ನು ದಾಟಲು ಯಾರಿಗೂ ಜಾಗ ಉಳಿಯದಂತೆ ನೋಡಿಕೊಂಡಳು.

ಹೊರಟೆವು. ಮುಂದೆ ಆಂಜಿನಮ್ಮನದೊಂದು ಚರ್ರ್, ಅದರ ಹಿಂದೆ ಇನ್ನೊಂದು ಚರ್ರ್. ಇಳಿಜಾರು ಸೈಕಲ್ಲನ್ನು ಕೆಳಕ್ಕೆ ಕರೆಯುವುದು, ಕೊಂಬೆ ಹಿಂದಕ್ಕೆ ಕರೆಯುವುದು. ಇವೆರಡರ ಜಗಳದ ನಡುವೆ ಅಮರನಾಥ್ ಎತ್ತಿನ ಗಾಡಿಯ ಗಾಂಭೀರ್ಯದಿಂದ ಇಳಿಯುತ್ತಿದ್ದ.

"ಎಡಕ್ಕೆ ಬರ್ತದೆ ನಾಯನಾ, ದೊಡ್ಡ ತಿರುವು! ಹಾ, ಬಾ, ಬಾ. ಅತ್ತೆ ಮನೆಗೆ ಬರೋ ಅಳಿಯನ ಥರ ಬರ್ತೀಯಲ್ಲಪ್ಪಾ, ಬಸ್ ಸ್ಟ್ಯಾಂಡಲ್ಲಿ ನನ್ನ ಜಾಗ ಇನ್ನೊಬ್ಬಳು ಹಿಡಿದುಬಿಡ್ತಾಳೆ!"

"ಬರ್ತಿದೀನಿ ಅತ್ತೆ!"

"ಅತ್ತೆ ಅಂತೆ! ಹಂಗಾದ್ರೆ ದೀಪಾವಳಿಗೆ ಪಂಚೆ ಕೇಳಬೇಡ!"

ತಿರುವಿನಲ್ಲಿ ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ನನ್ನ ಬೆರಳುಗಳು ಬ್ರೇಕಿನ ಮೇಲೆ ಮರಗಟ್ಟಿದ್ದವು. ಅವನ ಮುಂದಿನ ಚಕ್ರ ಸದ್ದಿನ ಬೆನ್ನು ಹತ್ತಿ, ಅದು ಬಾಗಿದಲ್ಲಿ ಬಾಗಿ, ನೆಟ್ಟಗಾದಲ್ಲಿ ನೆಟ್ಟಗಾಗಿ, ನೂಲು ಪೋಣಿಸಿದಂತೆ ಇಳಿಯಿತು. ದೇವರು ದಿಂಡರ ವಿಷಯದಲ್ಲಿ ನಾನು ಜಿಪುಣ. ಆದರೂ ಆ ತಿರುವುಗಳಲ್ಲಿ ಕೈಗೆ ಬಿಡುವಿದ್ದರೆ ಮುಗಿದುಬಿಡುತ್ತಿದ್ದೆ.

ಬೆಟ್ಟ ಮುಗಿದು, ಹಿಪ್ಪುನೇರಳೆ ತೋಟಗಳ ನಡುವೆ ಸಪಾಟಾದ ರಸ್ತೆ ಬಂತು. ನನಗೆ ಉಸಿರು ಬಂದು ಅವನ ಪಕ್ಕಕ್ಕೆ ಸೈಕಲ್ ತಂದೆ. ಏನೋ ಹೇಳಬೇಕೆಂದು ಮುಖ ನೋಡಿದೆ. ಅವನ ಎರಡೂ ಕಣ್ಣು ಮುಚ್ಚಿದ್ದವು. ತುಟಿ ಸ್ವಲ್ಪ ತೆರೆದಿತ್ತು. ಸೈಕಲ್ಲು ಗೆರೆ ಎಳೆದ ಹಾಗೆ ಹೋಗುತ್ತಿತ್ತು.

ಆಂಜಿನಮ್ಮ ನಿಂತಳು. ಸದ್ದು ನಿಂತಿತು. ಅಮರನಾಥ್ ಬ್ರೇಕು ಹಿಡಿದು ಕಾಲೂರಿದ.

ಸುನಂದ ಓಮ್ನಿಯಿಂದ ಇಳಿದು ಬಂದಾಗಲೂ ಅವನು ಕಣ್ಣು ತೆರೆದಿರಲಿಲ್ಲ. ಅವಳು ಅವನನ್ನೇ ನೋಡುತ್ತ ನಿಂತಳು.

"ಯಾವಾಗಿಂದ?"

"ಬೆಟ್ಟ ಮುಗಿದ ಮೇಲೆ ಕಣೇ. ತಿರುವಲ್ಲಿ ಮುಚ್ಚಲಿಲ್ಲ, ನಿನ್ನಾಣೆ" ಎಂದ. "ಪೂರ್ತಿ ಕಾಣದಿದ್ರೂ ಆಗುತ್ತಾ ಅಂತ ನೋಡ್ದೆ."

"ಆಯ್ತಾ?"

"ಆಯ್ತು."

ಸುನಂದ ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು, ಹಾಗೆಯೇ ತನ್ನದನ್ನೂ. ಆಮೇಲೆ ಬುಟ್ಟಿ ಸರಿಮಾಡಿಕೊಳ್ಳುತ್ತಿದ್ದ ಆಂಜಿನಮ್ಮನ ಕಡೆ ತಿರುಗಿದಳು.

"ಮುಂದಿನ ಭಾನುವಾರ ಎಷ್ಟೊತ್ತಿಗೆ ಇಳೀತೀರಿ?"

"ಭಾನುವಾರ ಏನು, ಹಣ್ಣಿರೋವರೆಗೂ ದಿನಾ ಇಳೀತೀನಿ. ಇವತ್ತಿನ ಥರ ತಡ ಮಾಡಿದ್ರೆ ಮಾತ್ರ ಕಾಯಲ್ಲ, ಹೇಳ್ಬಿಡು ನಿನ್ ಗಂಡನಿಗೆ" ಎಂದು ಅವಳು ಪೆಡಲಿನ ಮೇಲೆ ಕಾಲಿಟ್ಟಳು.