ಒಂದು ಸ್ಪ್ರಿಂಗು ಹೊಸದು, ಒಂದು ಹಳೆಯದು

ನಾನು ಒಂದು ಮೋಟಾರು. ಗಾತ್ರದಲ್ಲಿ ನಿಮ್ಮ ಮುಷ್ಟಿಯಷ್ಟು. ಮಿಕ್ಸಿಯ ಮೋಟಾರಿನ ಹಾಗೆ ಅರಚಾಡುವ ಚಾಳಿ ನನಗಿಲ್ಲ. ಕಾರ್ಖಾನೆಯಲ್ಲಿ ನನಗೆ ತಂತಿ ಸುತ್ತಿದ ಹೆಂಗಸು ಕಿವಿಯ ಹತ್ತಿರ ಹಿಡಿದು, "ಸದ್ದೇ ಇಲ್ಲ ನೋಡಿ, ಜಾಣ ಇವನು" ಎಂದಿದ್ದಳು. ಅಂದು ಉಬ್ಬಿದವನು ಇನ್ನೂ ಇಳಿದಿಲ್ಲ.

ನನ್ನನ್ನು ಡಯಾಲಿಸಿಸ್ ಯಂತ್ರದೊಳಗೆ ಕೂರಿಸಿದರು. ಮೊದಲು ಬೆಳಗಾವಿಯ ದೊಡ್ಡ ಆಸ್ಪತ್ರೆ. ಅಲ್ಲಿಗೆ ಹೊಸ ಯಂತ್ರಗಳು ಬಂದದ್ದೇ ತಡ, ನನ್ನನ್ನು ಜಮಖಂಡಿಯ ಸಣ್ಣ ಆಸ್ಪತ್ರೆಗೆ ಸಾಗಹಾಕಿದರು. ರೋಗಿಯ ರಕ್ತ ನಳಿಕೆಯಲ್ಲಿ ಹೊರಬಂದು, ಶುದ್ಧವಾಗಿ, ಮತ್ತೆ ಮೈಸೇರಬೇಕು. ಅದನ್ನು ತಳ್ಳುವವನು ನಾನು. ನಾನು ತಿರುಗಿಸುವ ಚಕ್ರಕ್ಕೆ ಎದುರುಬದುರಾಗಿ ಎರಡು ಉರುಳೆಗಳಿವೆ. ಒಂದು ನಳಿಕೆಯನ್ನು ಅಮುಕಿ ಸರಿಯುವಷ್ಟರಲ್ಲಿ ಇನ್ನೊಂದು ಅಮುಕಲು ಬರುತ್ತದೆ. ಒಂದೊಂದರ ಬೆನ್ನಿಗೂ ಒಂದೊಂದು ಸ್ಪ್ರಿಂಗು. ಎರಡೂ ಸಮನಾಗಿ ಒತ್ತಿದರೆ ನನ್ನ ಮೇಲಿನ ಭಾರವೂ ಸಮ.

ಒಂದು ದಿನ ಒಂದು ಸ್ಪ್ರಿಂಗು ಮುರಿಯಿತು. ರಿಪೇರಿಯ ರುದ್ರೇಶ ಜೋಡಿ ಸ್ಪ್ರಿಂಗು ತಂದಿದ್ದ. ಆದರೆ ಹಾಕಿದ್ದು ಒಂದೇ.

"ಇನ್ನೊಂದು ಗಟ್ಟೇ ಐತಿ. ಸುಮ್ನ ಯಾಕ ಬಿಚ್ಚೂದು?" ಎಂದು ಮಿಕ್ಕಿದ್ದನ್ನು ಡ್ರಾಯರಿಗೆ ಎಸೆದ. ನೀರು ಹರಿಸಿ ನೋಡಿ, ಸರಿಯಿದೆ ಎಂದು ಹೋಗಿಬಿಟ್ಟ.

ಅಯ್ಯೋ, ನನ್ನ ಪಾಡು! ಬಿಗಿಯಾದ ಹೊಸ ಸ್ಪ್ರಿಂಗಿನ ಉರುಳೆ ಬಂದಾಗ ಏದುಸಿರು, ಸಡಿಲಾದ ಹಳೆಯದು ಬಂದಾಗ ಮುಗ್ಗರಿಕೆ. ಸುತ್ತುಸುತ್ತಿಗೂ ಇದೇ ಗೋಳು.

ಅದನ್ನು ಕೇಳಿಸಿಕೊಂಡದ್ದು ಒಬ್ಬರೇ. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ್ದ ಈರಸಂಗಪ್ಪಜ್ಜ, ವಾರಕ್ಕೆರಡು ಸಲ ನನ್ನ ಪಕ್ಕದಲ್ಲಿ ಮಲಗುವ ರೋಗಿ.

"ಯವ್ವಾ, ಈ ಮೋಟಾರ್ ಕುಂಟಾಕತ್ತೈತಿ," ಎಂದರು ನರ್ಸ್ ಮಹಾನಂದಾಗೆ.

ಮಹಾನಂದಾ ಫೋನು ಹಚ್ಚಿದಳು. ರುದ್ರೇಶ ನಕ್ಕನಂತೆ. "ಗಿರಣಿ ಅಲ್ರೀ ಅದು, ಡಯಾಲಿಸಿಸ್ ಮಷಿನ್! ಅಜ್ಜಾರಿಗೆ ಮಲಗಾಕ ಹೇಳ್ರಿ."

ಮೂರನೆಯ ತಾಸಿಗೆ ನನ್ನ ಮೈ ಕೆಂಡವಾಯಿತು. ನಿಲ್ಲಬಾರದು, ನಿಲ್ಲಬಾರದು ಎಂದುಕೊಳ್ಳುತ್ತಲೇ ನಿಂತೆ. ಯಂತ್ರ ಕಿರುಚಿಕೊಂಡಿತು. ಅಜ್ಜನ ರಕ್ತ ನಳಿಕೆಯಲ್ಲಿ ಹಾಗೇ ನಿಂತಿತ್ತು. ಐದಾರು ನಿಮಿಷ ಕಳೆದರೆ ಹೆಪ್ಪುಗಟ್ಟುತ್ತದೆ. ಮತ್ತೆ ಅವರಿಗೆ ಸಿಗುವುದಿಲ್ಲ. ಅವರ ಮೈಯಲ್ಲಿ ಇದ್ದದ್ದೇ ಕಡಿಮೆ. ಹುಟ್ಟಿದ ಮೇಲೆ ಅಷ್ಟು ನಾಚಿಕೆ, ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

ಮಹಾನಂದಾ ಕೈಹಿಡಿಕೆಯನ್ನು ಚಕ್ರಕ್ಕೆ ಸಿಕ್ಕಿಸಿ ತಿರುಗಿಸತೊಡಗಿದಳು. ಒಮ್ಮೆ ಬಿರುಸು, ಒಮ್ಮೆ ನಿಧಾನ.

"ಅವಸರ ಮಾಡಬ್ಯಾಡ ತಂಗಿ. ಒಂದೇ ಗತಿ ಇರಲಿ," ಎಂದರು ಅಜ್ಜ. ಸೂಜಿಯಿಲ್ಲದ ಕೈಯಿಂದ ಮಂಚದ ಕಂಬಿ ತಟ್ಟಿದರು. ಟಕ್, ಟಕ್, ಟಕ್. ಅವರ ತುಟಿ ಬಿಳಿಚಿತ್ತು, ತಾಳ ಮಾತ್ರ ತಪ್ಪಲಿಲ್ಲ. ಅವಳ ಕೈ ಆ ತಾಳಕ್ಕೆ ಕೂತಿತು. ರಕ್ತ ಸರಿದು ಅಜ್ಜನ ಮೈಸೇರಿತು, ನಳಿಕೆ ತಿಳಿಯಾಗುತ್ತಾ ಬಂತು. ಕೊನೆಗೆ ಅವಳು ನೆಲದ ಮೇಲೆ ಕುಕ್ಕರಿಸಿ ಅತ್ತಳು.

ಮಧ್ಯಾಹ್ನ ಓಡಿಬಂದ ರುದ್ರೇಶನಿಗೆ ಅಜ್ಜ ಬೈಯಲಿಲ್ಲ.

"ನನ್ನ ಗಿರಣ್ಯಾಗ ಒಂದು ಪಟ್ಟಾ ಹರಿದ್ರ ಎರಡೂ ಬದಲಿ ಮಾಡ್ತಿದ್ದೆ ತಮ್ಮಾ. ಇಲ್ಲಾಂದ್ರ ಭಾರೆಲ್ಲಾ ಹೊಸಾದರ ಮ್ಯಾಲೇ ಬೀಳತೈತಿ."

ರುದ್ರೇಶ ತಲೆ ತಗ್ಗಿಸಿ ಡ್ರಾಯರು ತೆರೆದ. ಆಮೇಲೆ ನಾಲ್ಕು ವರ್ಷ ಅಜ್ಜನ ರಕ್ತವನ್ನು ಸದ್ದಿಲ್ಲದೆ ತಿರುಗಿಸಿದೆ.

ಈಗ ನನಗೆ ವಯಸ್ಸಾಗಿದೆ. ಯಂತ್ರದಿಂದ ಬಿಚ್ಚಿಹಾಕಿದ್ದಾರೆ, ಗುಜರಿಯವನು ಬರುವ ತನಕ ವರಾಂಡದ ಮೂಲೆಯೇ ಗತಿ. ನಿನ್ನೆ ಅಜ್ಜ ಹೊಸ ಯಂತ್ರದ ಕಡೆ ಹೋಗುತ್ತಾ ನಿಂತರು. ಬಗ್ಗಿ, ನನ್ನ ಮೇಲೆ ಅಂಗೈ ಇಟ್ಟರು.

"ತಣ್ಣಗಾಗಿಯಲ್ಲೋ," ಎಂದರು.

ಹೌದು, ನಾನು ತಣ್ಣಗಿದ್ದೆ. ಅವರ ಕೈ ಬೆಚ್ಚಗಿತ್ತು. ನನಗೆ ಅಷ್ಟು ಸಾಕು.